ಅಜ್ಜಿಯ ಜನನ ದಾಖಲೆಯಲ್ಲಿ ಬೇರೆ ಹೆಸರು: ಬೆಲ್ಜಿಯಂನ ಯಹೂದಿ ಪ್ರತಿರೋಧದ ಬಗ್ಗೆ ಗೊತ್ತಿದ್ದವರು ಬರೆಯಿರಿ

ಕೆಲಗೇರಿ ದಂಡೆ

ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ಏಳೆಂಟು ವರ್ಷದಿಂದ ಓದುತ್ತಾ ಬಂದಿದ್ದೇನೆ, ಬರೆದದ್ದು ಕಡಿಮೆ. ಇವತ್ತು ಉದ್ದ ಆಗುತ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮಪ್ಪ ಧಾರವಾಡದವರು. ಎಂಬತ್ತರ ದಶಕದಲ್ಲಿ ಕೃಷಿ ವಿಜ್ಞಾನದ ಸಂಶೋಧನೆಗೆಂದು ಬೆಲ್ಜಿಯಂಗೆ ಹೋದವರು ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಊರಿಗೆ ಕರೆತಂದರು. ಅಮ್ಮ ಈಗ ನನಗಿಂತ ಚಲೋ ಧಾರವಾಡದ ಮಾತಾಡುತ್ತಾಳೆ, ಜೋಳದ ರೊಟ್ಟಿ ಬಡಿಯುವುದರಲ್ಲಿ ಓಣಿಯ ಯಾರಿಗೂ ಕಡಿಮೆಯಿಲ್ಲ. ಅಮ್ಮನ ತಾಯಿ, ಅಂದರೆ ನನ್ನ ಅಜ್ಜಿ, ಬ್ರಸೆಲ್ಸ್ ಹತ್ತಿರದ ಒಂದು ಊರಲ್ಲಿ ಇದ್ದಳು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕ್ಯಾಥೊಲಿಕ್ ಹೆಂಗಸು. ಚಳಿಗಾಲದಲ್ಲಿ ನಮ್ಮಲ್ಲಿಗೆ ಬಂದರೆ ಎರಡು ತಿಂಗಳು ಇರುತ್ತಿದ್ದಳು. ಅವಳದೊಂದು ವಿಚಿತ್ರ ಇತ್ತು. ಹೆಸರು ಹಿಡಿದು ಕರೆದರೆ ತಕ್ಷಣ ತಿರುಗುತ್ತಿರಲಿಲ್ಲ. ಒಂದು ಗಳಿಗೆ ಬಿಟ್ಟು, ಕರೆದದ್ದು ತನ್ನನ್ನೇ ಎಂದು ನೆನಪಾದವಳ ಹಾಗೆ ತಲೆ ಎತ್ತುತ್ತಿದ್ದಳು. ಕಿವಿ ಮಂದ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಹೋದ ವರ್ಷ ಅಜ್ಜಿ ತೀರಿಕೊಂಡಳು. ಮನೆಯ ವಾರಸಾ ಕಾಗದಕ್ಕೆ ಅಜ್ಜಿಯ ಜನನ ದಾಖಲೆ ಬೇಕೆಂದು ನೋಟರಿ ಕೇಳಿದರು. ತರಿಸಿ ನೋಡಿದರೆ ಹುಟ್ಟಿದ್ದು ಬ್ರಸೆಲ್ಸ್‌ನಲ್ಲಿ ಅಲ್ಲ, 1938ರಲ್ಲಿ ಆಂಟ್‌ವರ್ಪ್‌ನಲ್ಲಿ. ಹೆಸರು ಬೇರೆ, ಮನೆತನದ ಹೆಸರೂ ಬೇರೆ. ತಂದೆ ತಾಯಿ ಇಬ್ಬರೂ ಪೋಲೆಂಡಿನಲ್ಲಿ ಹುಟ್ಟಿದವರು, ತಂದೆಯ ಕಸುಬು ತೊಗಲಿನ ಕೈಚೀಲ ಹೊಲಿಯುವುದು. ಅಂಚಿನಲ್ಲಿ, ಯುದ್ಧ ಮುಗಿದ ಮೇಲಿನ ದತ್ತಕದ ಒಂದು ಟಿಪ್ಪಣಿ. ಧರ್ಮ ಯಾವುದೆಂದು ಅಲ್ಲಿ ಬರೆದಿಲ್ಲ. ಆದರೆ ಆ ಹೆಸರು ನೋಡಿದ ಕೂಡಲೇ ನೋಟರಿ ಕನ್ನಡಕ ತೆಗೆದಿಟ್ಟು, "ನಿಮಗೆ ಇದು ಗೊತ್ತಿರಲಿಲ್ಲವೇ" ಎಂದು ಕೇಳಿದರು. ಯಹೂದಿ ಹೆಸರುಗಳು.

ಅಮ್ಮನಿಗೆ ಗೊತ್ತಿದ್ದದ್ದು ಒಂದೇ ಸಾಲು: "ಯುದ್ಧದಾಗ ಅನಾಥ ಆಗಿದ್ಲು, ಕಾನ್ವೆಂಟಿನ ಸಿಸ್ಟರ್‌ಗಳು ಜ್ವಾಕಿ ಮಾಡಿದ್ರು."

ನನಗೆ ಎರಡು ಪ್ರಶ್ನೆ. ಆಂಟ್‌ವರ್ಪ್‌ನ ನಾಲ್ಕು ವರ್ಷದ ಯಹೂದಿ ಕೂಸು ಬ್ರಸೆಲ್ಸ್‌ನ ಕಾನ್ವೆಂಟಿಗೆ ತಾನಾಗಿ ನಡೆದುಕೊಂಡು ಹೋಗಿರಲಾರದು. ಕೈ ಹಿಡಿದು ಕರೆದೊಯ್ದವರು ಯಾರು? ಎರಡನೆಯದು, ಈಗ ನಾನು ಯಾರು? ಅಜ್ಜಿಯ ಹೆಸರು ಇಲ್ಲಿ ಹಾಕುವುದಿಲ್ಲ, ಅಮ್ಮನಿಗೆ ಮನಸ್ಸಿಲ್ಲ.

ಲ್ಯೂವೆನ್ ಲೋಕಲ್

ಅಕ್ಕಾ, ಓದಿ ಕೈ ನಡುಗಿತು. ನಾನು ಆರು ವರ್ಷದಿಂದ ಲ್ಯೂವೆನ್‌ನಲ್ಲಿ ಇದ್ದೇನೆ, ಕೆಲಸ ಮೆಖೆಲೆನ್‌ನಲ್ಲಿ. ದಿನಾ ಅದೇ ಲೋಕಲ್ ಟ್ರೈನು. ಹಾಖ್ತ್ ಆದ ಮೇಲೆ ಬೂರ್ಟ್‌ಮೇರ್‌ಬೇಕ್ ಅಂತ ಸಣ್ಣ ಸ್ಟೇಷನ್ ಬರುತ್ತದೆ. ಅಲ್ಲೊಂದು ಸ್ಮಾರಕ ಇದೆ. ಮೊದಲ ಒಂದು ವರ್ಷ ಮೊಬೈಲ್ ನೋಡುತ್ತಾ ಅದನ್ನು ದಾಟಿ ಹೋಗಿದ್ದೇನೆ.

ಯುದ್ಧದಲ್ಲಿ ಬೆಲ್ಜಿಯಂ ಜರ್ಮನ್ನರ ಕೈಯಲ್ಲಿದ್ದಾಗ ಅಲ್ಲಿಯ ಯಹೂದಿಗಳನ್ನು ಒಟ್ಟುಗೂಡಿಸುತ್ತಿದ್ದದ್ದು ಮೆಖೆಲೆನ್‌ನ ದೊಸಾಂ ಎಂಬ ಸೇನಾ ಬ್ಯಾರಕ್ಕಿನಲ್ಲಿ. 1942ರ ಆಗಸ್ಟ್ 4ರಂದು ಅಲ್ಲಿಂದ ಮೊದಲ ರೈಲು ಔಶ್ವಿತ್ಸ್‌ಗೆ, ಅಂದರೆ ಪೋಲೆಂಡಿನಲ್ಲಿದ್ದ ನಾಜಿಗಳ ಕೊಲೆ ಶಿಬಿರಕ್ಕೆ, ಹೊರಟಿತು. ಎರಡು ವರ್ಷದಲ್ಲಿ 28 ರೈಲು, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ. ಯಹೂದಿಗಳ ಜೊತೆ ನೂರಾರು ರೋಮಾ (ಜಿಪ್ಸಿ) ಜನರೂ ಇದ್ದರು. ತಿರುಗಿ ಬಂದವರು ನೂರಕ್ಕೆ ಸುಮಾರು ಐವರು. ಬ್ಯಾರಕ್ಕಿನ ಕಟ್ಟಡದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ, ಬಾಲ್ಕನಿಯಲ್ಲಿ ಹೂಕುಂಡ ಇರುತ್ತದೆ. ಎದುರಿಗೆ 2012ರಲ್ಲಿ ತೆರೆದ ಮ್ಯೂಸಿಯಂ.

ಬೂರ್ಟ್‌ಮೇರ್‌ಬೇಕ್ ಕಥೆ ಇಪ್ಪತ್ತನೆಯ ರೈಲಿನದು. 1943ರ ಏಪ್ರಿಲ್ 19ರ ರಾತ್ರಿ 1,631 ಜನರನ್ನು ತುಂಬಿಕೊಂಡು ಹೊರಟಿತು. ಹಿಂದಿನ ರೈಲುಗಳು ಮೂರನೇ ದರ್ಜೆಯ ಪ್ಯಾಸೆಂಜರ್ ಬೋಗಿಗಳು, ಕಿಟಕಿಯಿಂದ ಜನ ಹಾರಿ ತಪ್ಪಿಸಿಕೊಳ್ಳುತ್ತಿದ್ದರು. ಅದಕ್ಕೆ ಈ ಸಲ ಸರಕು ಸಾಗಿಸುವ ಗೂಡ್ಸ್ ಬೋಗಿ ತಂದಿದ್ದರು. ಯೂರಾ ಲಿವ್ಶಿಟ್ಸ್ ಎಂಬ ಯಹೂದಿ ಡಾಕ್ಟರು, ಇಪ್ಪತ್ತೈದರ ಆಸುಪಾಸಿನವನು, ಇದನ್ನು ನಿಲ್ಲಿಸಬೇಕು ಅಂತ ಹಟ ಹಿಡಿದ. ಭೂಗತ ಗುಂಪುಗಳ ಅನುಭವಸ್ಥರು ಆಗದ ಕೆಲಸ ಎಂದು ಕೈಬಿಟ್ಟರು. ಅವನು ಶಾಲೆಯ ಗೆಳೆಯರಿಬ್ಬರನ್ನು ಕರೆದುಕೊಂಡ, ರೊಬೇರ್ ಮೈಸ್ಟ್ರಿಯೋ ಮತ್ತು ಜಾನ್ ಫ್ರಾಂಕ್ಲಮೋನ್. ಇಬ್ಬರೂ ಯಹೂದಿಗಳಲ್ಲ. ಮೂವರೂ ಸೈಕಲ್ಲಿನಲ್ಲಿ ಹೋದರು. ಅವರ ಹತ್ತಿರ ಇದ್ದದ್ದು ಒಂದು ಪಿಸ್ತೂಲು, ಇಕ್ಕಳ, ಒಂದು ಲಾಟೀನು. ಲಾಟೀನಿಗೆ ಕೆಂಪು ಕಾಗದ ಸುತ್ತಿ ಹಳಿಯ ಮೇಲಿಟ್ಟರು. ಡ್ರೈವರ್ ಕೆಂಪು ದೀಪ ಎಂದುಕೊಂಡು ಬ್ರೇಕ್ ಹಾಕಿದ.

ಮೈಸ್ಟ್ರಿಯೋ ಒಂದು ಬೋಗಿಯ ಬಾಗಿಲು ತೆರೆದ. ಹದಿನೇಳು ಜನ ಇಳಿದರು. ಕಾವಲಿನವರು ಗುಂಡು ಹಾರಿಸತೊಡಗಿದ ಮೇಲೆ ಇನ್ನೊಂದು ತೆರೆಯಲು ಆಗಲಿಲ್ಲ. ಆದರೆ ರೈಲು ಮುಂದೆ ಹೋಗುತ್ತಾ ಗಡಿ ಮುಟ್ಟುವಷ್ಟರಲ್ಲಿ ಉಳಿದ ಬೋಗಿಗಳಿಂದಲೂ ಜನ ಹಾರಿದರು. ಒಟ್ಟು 230ಕ್ಕೂ ಹೆಚ್ಚು. ರೆಜೀನ್ ಕ್ರೋಖ್ಮಾಲ್ ಎಂಬ ನರ್ಸ್, ಅವಳೂ ಪ್ರತಿರೋಧದವಳೇ, ಬ್ರೆಡ್ ಕೊಯ್ಯುವ ಚಾಕುವಿನಿಂದ ಬೋಗಿಯ ಕಿಂಡಿಯ ಮರದ ಪಟ್ಟಿಗಳನ್ನು ಕೊಯ್ದು ಹಾರಿದಳು. ಸಿಮೋನ್ ಗ್ರೊನೊವ್‌ಸ್ಕಿ ಎಂಬ ಹನ್ನೊಂದು ವರ್ಷದ ಹುಡುಗನನ್ನು ತಾಯಿಯೇ ಮೆಟ್ಟಿಲಿನ ತನಕ ಇಳಿಸಿ ಬಿಟ್ಟಳು. ಅವನು ಉಳಿದ, ತಾಯಿ ಔಶ್ವಿತ್ಸ್‌ನಲ್ಲಿ ಸತ್ತಳು. ಆ ಹುಡುಗ ಮುಂದೆ ಬ್ರಸೆಲ್ಸ್‌ನಲ್ಲಿ ವಕೀಲ, ಪಿಯಾನೋ ವಾದಕ ಆದ. ಲಿವ್ಶಿಟ್ಸ್‌ನನ್ನು 1944ರ ಫೆಬ್ರವರಿ 17ರಂದು ಜರ್ಮನ್ನರು ಗುಂಡಿಟ್ಟು ಕೊಂದರು.

ನಿಮ್ಮ ಅಜ್ಜಿಯ ವಿಷಯ ನೇರವಾಗಿ ಗೊತ್ತಿಲ್ಲ. ಮ್ಯೂಸಿಯಂಗೆ ಹೋಗಿ ಕೇಳಬೇಕಿದ್ದರೆ ಹೇಳಿ, ಹತ್ತು ನಿಮಿಷದ ದಾರಿ.

ಮಾಜಿ ಮೇಷ್ಟ್ರು, ಶಿವಮೊಗ್ಗ

ತಂಗೀ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವನು ನಾನು. ಎರಡನೇ ಮಹಾಯುದ್ಧದ ಪಾಠದಲ್ಲಿ ಯಹೂದಿಗಳ ಬಗ್ಗೆ ಒಂದು ಪ್ಯಾರಾ ಇತ್ತು, ಅದರಲ್ಲಿ ಅವರು ಕೊಲೆಯಾದವರು ಮಾತ್ರ. ಆ ಪ್ಯಾರಾವನ್ನು ಹಾಗೇ ಒಪ್ಪಿಸಿಬಿಟ್ಟೆ ಎಂಬ ಕೊರಗು ನಿವೃತ್ತಿಯಾದ ಮೇಲೆ ಓದತೊಡಗಿದಾಗ ಹತ್ತಿಕೊಂಡಿತು.

ನಿನ್ನ ಮೊದಲ ಪ್ರಶ್ನೆಗೆ ದಾರಿ ಇದೆ. 1942ರ ಬೇಸಿಗೆಯ ಕೊನೆಗೆ ಬೆಲ್ಜಿಯಂನ ಯಹೂದಿಗಳೇ ಒಂದು ಭೂಗತ ಸಂಸ್ಥೆ ಕಟ್ಟಿದರು, ಯಹೂದಿ ರಕ್ಷಣಾ ಸಮಿತಿ. ಹೆರ್ಟ್ಸ್ ಯೋಸ್ಪಾ ಎಂಬ ಇಂಜಿನಿಯರ್, ಅವನ ಹೆಂಡತಿ ಇವೋನ್ ಯೋಸ್ಪಾ ಅದರ ಮುಂದಾಳುಗಳು. ಇಬ್ಬರೂ ಇಂದಿನ ಮಾಲ್ಡೋವಾ ಕಡೆಯ ಬೆಸರೇಬಿಯಾದಿಂದ ವಲಸೆ ಬಂದವರು. ವಾದಶಾಸ್ತ್ರದಲ್ಲಿ ದೊಡ್ಡ ಹೆಸರಾದ ತತ್ವಜ್ಞಾನಿ ಖೈಮ್ ಪೆರೆಲ್‌ಮನ್, ಅವನ ಹೆಂಡತಿ ಫೆಲಾ ಕೂಡ ಅದರಲ್ಲಿದ್ದರು. ಸುಳ್ಳು ಗುರುತಿನ ಚೀಟಿ, ಕಳ್ಳ ರೇಷನ್ ಕೂಪನ್ನು, ಗುಪ್ತ ಪತ್ರಿಕೆ ಎಲ್ಲ ನಡೆಸಿದರು. ಆದರೆ ಅವರ ದೊಡ್ಡ ಕೆಲಸ ಮಕ್ಕಳದು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕಾನ್ವೆಂಟು, ರೈತರ ಮನೆ, ಬೋರ್ಡಿಂಗ್ ಶಾಲೆಗಳಲ್ಲಿ ಬಚ್ಚಿಟ್ಟು, ತಿಂಗಳು ತಿಂಗಳು ಖರ್ಚು ಕಳಿಸಿ, ಉಳಿಸಿದರು.

ಅವರ ಲೆಕ್ಕ ಇಡುವ ರೀತಿ ಕೇಳು. ಮಗುವಿಗೊಂದು ಸಂಖ್ಯೆ. ಒಂದು ನೋಟುಪುಸ್ತಕದಲ್ಲಿ ಸಂಖ್ಯೆ ಮತ್ತು ನಿಜವಾದ ಹೆಸರು, ಇನ್ನೊಂದರಲ್ಲಿ ಸುಳ್ಳು ಹೆಸರು, ಮತ್ತೊಂದರಲ್ಲಿ ಹಳೆಯ ವಿಳಾಸ, ಬೇರೊಂದರಲ್ಲಿ ಬಚ್ಚಿಟ್ಟ ಜಾಗ. ಒಂದು ಪುಸ್ತಕ ಗೆಸ್ಟಾಪೊ (ನಾಜಿಗಳ ಗುಪ್ತ ಪೊಲೀಸ್) ಕೈಗೆ ಸಿಕ್ಕರೂ ಒಂದು ಮಗುವೂ ಸಿಗಬಾರದು. ಯುದ್ಧ ಮುಗಿದ ಮೇಲೆ ಎಲ್ಲ ಪುಸ್ತಕ ಒಟ್ಟಿಗೆ ಬಿಚ್ಚಿಟ್ಟರೆ ಪ್ರತಿ ಮಗುವೂ ತನ್ನ ಹೆಸರಿಗೆ ತಿರುಗಬೇಕು. ಮಕ್ಕಳನ್ನು ಕೈಹಿಡಿದು ಕರೆದೊಯ್ಯುತ್ತಿದ್ದವರು ಹೆಂಗಸರು. ಇಡಾ ಸ್ಟೆರ್ನೊ ಎಂಬ ಯಹೂದಿ ಸಮಾಜಸೇವಕಿ, ಅವಳ ಜೊತೆ ಆಂದ್ರೇ ಗೆಯ್ಲೆನ್ ಎಂಬ ಯಹೂದಿಯಲ್ಲದ ಶಾಲಾಶಿಕ್ಷಕಿ. ಗೆಯ್ಲೆನ್ ನೂರು ವರ್ಷ ಬದುಕಿ 2022ರಲ್ಲಿ ತೀರಿಕೊಂಡಳು. ಮಗುವನ್ನು ಎಲ್ಲಿಗೆ ಕರೆದೊಯ್ಯುತ್ತೇವೆಂದು ತಾಯಿಗೆ ಹೇಳುತ್ತಿರಲಿಲ್ಲ. ಹಿಡಿದು ಹೊಡೆದರೆ ಬಾಯಿ ಬಿಟ್ಟಾಳು ಎಂದು.

ನಿನ್ನ ಅಜ್ಜಿಯ ಕೈ ಹಿಡಿದದ್ದು ಇವರಲ್ಲಿ ಒಬ್ಬರು ಇರಬಹುದು. ಹುಡುಕು.

ಹಂಪನಕಟ್ಟೆ

ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಪ್ರತಿರೋಧ ಇದ್ದರೆ ಅರವತ್ತು ಲಕ್ಷ ಜನ ಹೇಗೆ ಸತ್ತರು? ಸಾಲುಗಟ್ಟಿ ಸುಮ್ಮನೆ ಹೋದರು ಎಂದೇ ನಾನು ಇವತ್ತಿನ ತನಕ ತಿಳಿದಿದ್ದೆ.

ಮಾಜಿ ಮೇಷ್ಟ್ರು, ಶಿವಮೊಗ್ಗ

ಕೇಳಬೇಕಾದ ಪ್ರಶ್ನೆಯೇ. ಲ್ಯೂವೆನ್ ಹುಡುಗ ಬರೆದ ತಾರೀಖು ಇನ್ನೊಮ್ಮೆ ನೋಡಿ, 1943ರ ಏಪ್ರಿಲ್ 19. ಅದೇ ದಿನ ಬೆಳಿಗ್ಗೆ ಪೋಲೆಂಡಿನ ವಾರ್ಸಾದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಅಂದರೆ ಘೆಟ್ಟೋದೊಳಗೆ ನುಗ್ಗಿದ ಜರ್ಮನ್ ಪಡೆಗೆ ಯಹೂದಿ ಹುಡುಗ ಹುಡುಗಿಯರು ಗುಂಡು ಹಾರಿಸಿದರು. ಒಬ್ಬರಿಗೊಬ್ಬರ ಸುದ್ದಿ ಗೊತ್ತಿಲ್ಲ. ವಾರ್ಸಾದವರ ನಾಯಕ ಮೊರ್ದೆಖಾಯ್ ಅನಿಯೆಲೆವಿಚ್‌ಗೆ ಇಪ್ಪತ್ತನಾಲ್ಕರ ಪ್ರಾಯ. ಕೆಲವು ಪಿಸ್ತೂಲು, ಕೈಯಲ್ಲಿ ಮಾಡಿದ ಬಾಂಬುಗಳನ್ನು ಹಿಡಿದು ಸುಮಾರು ನಾಲ್ಕು ವಾರ ಸೆಣಸಿದರು. ಅದೇ ವರ್ಷ ಆಗಸ್ಟ್ 2ರಂದು ಟ್ರೆಬ್ಲಿಂಕಾದಲ್ಲಿ, ಅಕ್ಟೋಬರ್ 14ರಂದು ಸೊಬಿಬೋರ್‌ನಲ್ಲಿ ಕೈದಿಗಳು ದಂಗೆ ಎದ್ದರು. ಅವು ಎಂತಹ ಜಾಗಗಳು ಗೊತ್ತೇ, ಜನರನ್ನು ರೈಲಿನಿಂದ ಇಳಿಸಿ ಕೆಲವೇ ಗಂಟೆಯೊಳಗೆ ಕೊಲ್ಲುವುದಕ್ಕೆಂದೇ ಕಟ್ಟಿದ ಶಿಬಿರಗಳು. ಅಲ್ಲಿಂದಲೂ ನೂರಾರು ಜನ ಬೇಲಿ ಮುರಿದು ಕಾಡು ಸೇರಿದರು.

ಔಶ್ವಿತ್ಸ್‌ನ ನಾಲ್ವರು ಹೆಂಗಸರ ಸಂಗತಿ ನನ್ನನ್ನು ಬಿಟ್ಟು ಹೋಗುವುದಿಲ್ಲ. ಎಸ್ತೆರ್ ವೈಜ್‌ಬ್ಲುಮ್, ಅಲಾ ಗೆರ್ಟ್ನರ್, ರೆಜಿನಾ ಸಫಿರ್‌ಷ್ಟೈನ್ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಚಿಟಿಕೆ ಚಿಟಿಕೆಯಾಗಿ ಮದ್ದನ್ನು ಬಟ್ಟೆಯ ತುಂಡಿನಲ್ಲಿ ಗಂಟುಕಟ್ಟಿ ಮೈಮೇಲೆ ಅಡಗಿಸಿ ಹೊರಗೆ ತಂದರು. ರೋಜಾ ರೊಬೊಟಾ ಅದನ್ನು ಹೆಣ ಸುಡುವ ಕೆಲಸಕ್ಕೆ ಹಚ್ಚಿದ್ದ ಕೈದಿಗಳಿಗೆ ಮುಟ್ಟಿಸಿದಳು. ತಿಂಗಳುಗಟ್ಟಲೆ ಚಿಟಿಕೆಗಳು. 1944ರ ಅಕ್ಟೋಬರ್ 7ರಂದು ಆ ಕೈದಿಗಳು ದಂಗೆ ಎದ್ದು ಒಂದು ದಹನಗೃಹವನ್ನು ಹಾಳುಗೆಡವಿದರು. ನಾಲ್ವರನ್ನೂ 1945ರ ಜನವರಿ ಮೊದಲ ವಾರದಲ್ಲಿ ನೇಣಿಗೆ ಹಾಕಿದರು. ಮೂರು ವಾರಕ್ಕೆ ಸೋವಿಯತ್ ಸೇನೆ ಬಂತು.

ಹಾಗಿದ್ದೂ ಯಾಕೆ ಅಷ್ಟು ಜನ ಸತ್ತರು? ಬಂದೂಕು ಇಲ್ಲ, ಸೇನೆ ಇಲ್ಲ, ಓಡಲು ದೇಶ ಇಲ್ಲ. ಒಬ್ಬ ತಪ್ಪಿಸಿಕೊಂಡರೆ ಹತ್ತಾರು ಜನರನ್ನು ಕೊಲ್ಲುತ್ತಿದ್ದರು. ಮಡಿಲಲ್ಲಿ ಮಗು, ಪಕ್ಕದಲ್ಲಿ ಮುದಿ ತಾಯಿ ಇದ್ದವರು ಏನು ಮಾಡಿಯಾರು? ಬೆಲ್ಜಿಯಂನ ಯಹೂದಿಗಳಲ್ಲಿ ಬಹುಪಾಲು ಜನರಿಗೆ ಆ ದೇಶದ ಪೌರತ್ವವೂ ಇರಲಿಲ್ಲ. ಆಂಟ್‌ವರ್ಪ್‌ನಲ್ಲಿ 1942ರ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಮನೆ ಮನೆ ನುಗ್ಗಿ ಹಿಡಿದಾಗ ನಗರದ ಪೊಲೀಸರೇ ಜರ್ಮನ್ನರಿಗೆ ಕೈಜೋಡಿಸಿದರು. ಅದಕ್ಕೆ 2007ರಲ್ಲಿ ಮೇಯರ್ ಕ್ಷಮೆ ಕೇಳಿದರು. ಅಲ್ಲಿಯ ಯಹೂದಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋದರು, ಬ್ರಸೆಲ್ಸ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಊರಿನವರು ಹೇಗಿದ್ದರು ಎಂಬುದರ ಮೇಲೆ ಜೀವ ನಿಂತಿತ್ತು.

ಹಂಪನಕಟ್ಟೆ

ಧನ್ಯವಾದ ಸರ್. ಆ ಚಿಟಿಕೆಗಳ ಸಂಗತಿಯನ್ನು ರಾತ್ರಿ ಮಗಳಿಗೆ ಹೇಳಿದೆ.

ವೇದಿಕೆ ನಿರ್ವಾಹಕ

ಇಂದಿನ ಪಶ್ಚಿಮ ಏಷ್ಯಾದ ಯುದ್ಧದ ಕುರಿತ ಮೂರು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ. ಇಲ್ಲಿ ಒಬ್ಬರು ತಮ್ಮ ಅಜ್ಜಿಯನ್ನು ಹುಡುಕುತ್ತಿದ್ದಾರೆ.

ಹಳೇ ಕಡತ

ಮೇಡಂ, ನಾನು ವಂಶಾವಳಿ ಹುಡುಕುವ ಹವ್ಯಾಸದವನು, ಕೆಲವು ಪ್ರಾಯೋಗಿಕ ಮಾತು.

ಬೆಲ್ಜಿಯಂಗೆ ವಲಸೆ ಬಂದ ಪ್ರತಿ ವಿದೇಶಿಯ ಮೇಲೂ 'ವಿದೇಶಿಯರ ಪೊಲೀಸ್' ವಿಭಾಗ ಒಂದು ಕಡತ ತೆರೆಯುತ್ತಿತ್ತು. ಫೋಟೋ, ಹಿಂದಿನ ವಿಳಾಸಗಳು, ಯಾರ ಜೊತೆ ಬಂದರು, ಎಲ್ಲಿ ದುಡಿದರು, ಎಲ್ಲ ಅದರಲ್ಲಿರುತ್ತದೆ. ಅವು ಈಗ ಬ್ರಸೆಲ್ಸ್‌ನ ರಾಜ್ಯ ಪತ್ರಾಗಾರದಲ್ಲಿವೆ. ಮೊದಲು ಅದನ್ನೇ ಕೇಳಿ. ಜನರನ್ನು ಅನುಮಾನದಿಂದ ನೋಡಲು ಮಾಡಿದ ಕಡತ, ಇವತ್ತು ಎಷ್ಟೋ ಕುಟುಂಬಕ್ಕೆ ಉಳಿದಿರುವ ಒಂದೇ ಫೋಟೋ ಅದರಲ್ಲಿದೆ. ಆಮೇಲೆ ಮೆಖೆಲೆನ್ ಮ್ಯೂಸಿಯಂನ ರೈಲು ಪಟ್ಟಿಗಳು, ಪ್ರತಿ ರೈಲಿಗೂ ಹೆಸರು ಮತ್ತು ಕ್ರಮಸಂಖ್ಯೆ ಇದೆ. ನಾಜಿಗಳ ಕೈಗೆ ಸಿಕ್ಕವರ ಬಗ್ಗೆ ಜರ್ಮನಿಯ ಬಾಡ್ ಆರೋಲ್ಸನ್‌ನಲ್ಲಿರುವ ದಾಖಲೆಗಳನ್ನು ಮನೆಯಲ್ಲೇ ಕುಳಿತು ಹುಡುಕಬಹುದು. ಜೆರುಸಲೇಮಿನಲ್ಲಿ ಕೊಲೆಯಾದ ಯಹೂದಿಗಳ ಸ್ಮಾರಕ ಸಂಸ್ಥೆ ಯಾದ್ ವಶೇಮ್ ಇದೆ, ಅಲ್ಲಿ ಸತ್ತವರ ಬಗ್ಗೆ ಬಂಧುಗಳು ತುಂಬಿದ ಸಾಕ್ಷ್ಯಪುಟಗಳಿವೆ. ನಿಮ್ಮ ಮುತ್ತಜ್ಜಿಯ ಹೆಸರಿಗೆ ಯಾರಾದರೂ ಪುಟ ತುಂಬಿದ್ದರೆ, ಆ ತುಂಬಿದವರು ನಿಮ್ಮ ನೆಂಟರು.

ಹೆಸರಿನ ಅಕ್ಷರಕ್ಕೆ ಅಂಟಿಕೊಳ್ಳಬೇಡಿ. ಒಂದೇ ಹೆಸರನ್ನು ಪೋಲಿಷ್ ಗುಮಾಸ್ತ ಒಂದು ಥರ, ಫ್ಲೆಮಿಷ್ ಗುಮಾಸ್ತ ಇನ್ನೊಂದು ಥರ, ಜರ್ಮನ್ ಟೈಪಿಸ್ಟ್ ಮತ್ತೊಂದು ಥರ ಬರೆದಿರುತ್ತಾನೆ. ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ಒಂದು ಎಚ್ಚರಿಕೆ: ಪೂರ್ವ ಯೂರೋಪಿನ ಯಹೂದಿಗಳು ಶತಮಾನಗಟ್ಟಲೆ ಒಳಗೊಳಗೇ ಮದುವೆಯಾದವರು. ಸಾವಿರಾರು ಜನ ನಿಮಗೆ ದೂರದ ಸೋದರಸಂಬಂಧಿ ಎಂದು ತೋರಿಸುತ್ತದೆ. ನಿಜಕ್ಕೂ ಹತ್ತಿರದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊಂಕಣದ ಕೊನೆಮನೆ

ಪುಟ್ಟೀ, ನಿನ್ನ ಎರಡನೇ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಬರೆಯುತ್ತೇನೆ. ನಾನು ಬೆಂಗಳೂರಿನವಳು, ಅರವತ್ತೆಂಟು ವರ್ಷ. ನಾವು ಬೆನೆ ಇಸ್ರೇಲ್, ಕೊಂಕಣ ಕರಾವಳಿಯ ಯಹೂದಿಗಳು. ನಮ್ಮ ಹಿರಿಯರು ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೆ ಊರಿನವರು 'ಶನಿವಾರ್ ತೇಲಿ' ಎಂದು ಕರೆದರು. ಇಲ್ಲಿ ಮೈಸೂರು ರಸ್ತೆಯಲ್ಲಿ ನಮ್ಮವರ ಸ್ಮಶಾನ ಇದೆ, ಅಪ್ಪ ಅಮ್ಮ ಅಲ್ಲೇ ಮಲಗಿದ್ದಾರೆ.

ಯಹೂದಿ ಕಟ್ಟಳೆಯ ಪ್ರಕಾರ ತಾಯಿಯಿಂದ ಮಗುವಿಗೆ ಬರುತ್ತದೆ. ನಿನ್ನ ಮುತ್ತಜ್ಜಿ ಯಹೂದಿ, ಅವಳ ಮಗಳು ಯಹೂದಿ, ನಿಮ್ಮಮ್ಮ, ನೀನು. ನಡುವೆ ಜ್ಞಾನಸ್ನಾನ ಆದರೂ ಹುಟ್ಟು ಅಳಿಯುವುದಿಲ್ಲ ಎಂದೇ ಹಿರಿಯರು ಹೇಳುತ್ತಾರೆ. ಇಷ್ಟು ಕಟ್ಟಳೆಯ ಮಾತು. ನೀನು ಅದನ್ನು ಎತ್ತಿಕೊಳ್ಳುತ್ತೀಯೋ, ಬರೀ ಗೊತ್ತಿಟ್ಟುಕೊಳ್ಳುತ್ತೀಯೋ ಅದು ನಿನಗೆ ಬಿಟ್ಟದ್ದು. ಅವಸರ ಏನೂ ಇಲ್ಲ. ನಮ್ಮವರು ಇಸ್ರೇಲಿಗೆ ಹೋದಾಗ, ನೀವು ನಿಜವಾದ ಯಹೂದಿಗಳೇ, ಮದುವೆಗೆ ಆಗುತ್ತೀರಾ ಎಂದು ಅಲ್ಲಿಯ ಧರ್ಮಗುರುಗಳು ತಕರಾರು ತೆಗೆದರು. ಬೀದಿಗಿಳಿದು ಹೋರಾಡಿ, 1964ರಲ್ಲಿ ಸರ್ಕಾರ ಪೂರ್ಣ ಯಹೂದಿಗಳೆಂದು ಘೋಷಿಸಿದ ಮೇಲೆ ತಣ್ಣಗಾಯಿತು. ಆದ್ದರಿಂದ ಯಾರಾದರೂ ನಿನ್ನ ಕಾಗದ ಕೇಳಿದರೆ ಎದೆಗುಂದಬೇಡ.

ಮಾಜಿ ಮೇಷ್ಟ್ರು, ಶಿವಮೊಗ್ಗ

ಬೆಂಗಳೂರಿನ ಮಾತು ಬಂತಲ್ಲ, ಒಂದು ಸಂಗತಿ ಸೇರಿಸುತ್ತೇನೆ. ಯಹೂದಿ ಮೂಲದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1933ರಲ್ಲಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡಾಗ ಸಿ.ವಿ. ರಾಮನ್ ಆಹ್ವಾನಿಸಿ, 1935-36ರ ಚಳಿಗಾಲವನ್ನು ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಳೆದರು. ಕಾಯಂ ಕೆಲಸ ಆಗಲಿಲ್ಲ, ಎಡಿನ್‌ಬರೋಗೆ ಹೋದರು. ಅವರ ಸೋದರಳಿಯ ಒಟ್ಟೋ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದು ಬೆಂಗಳೂರಿನಲ್ಲಿ ಎಷ್ಟೋ ಕಟ್ಟಡ ಕಟ್ಟಿದರು. ಆ ಕೈಗಳೂ ಮೆಖೆಲೆನ್ ಥರದ ಒಂದು ಬ್ಯಾರಕ್ಕಿಗೆ ಹೋಗಬಹುದಿತ್ತು.

ಕೆಲಗೇರಿ ದಂಡೆ

ಎರಡೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಪತ್ರಾಗಾರದಿಂದ ಕಡತಗಳು ಬಂದವು. 'ಹಳೇ ಕಡತ' ಅವರೇ, ನೀವು ಹೇಳಿದ್ದು ನಿಜ. ಮನೆತನದ ಹೆಸರು ನಾಲ್ಕು ಥರ ಬರೆದಿದ್ದಾರೆ.

ಮುತ್ತಜ್ಜ, ಮುತ್ತಜ್ಜಿ 1930ರ ಸುಮಾರಿಗೆ ಪೋಲೆಂಡಿನಿಂದ ಬಂದು ಆಂಟ್‌ವರ್ಪ್‌ನಲ್ಲಿ ಮದುವೆಯಾದವರು. 1942ರ ಬೇಸಿಗೆಯಲ್ಲಿ ಮುತ್ತಜ್ಜನನ್ನು ಉತ್ತರ ಫ್ರಾನ್ಸಿನ ಕರಾವಳಿಗೆ ಕೂಲಿ ಕೆಲಸಕ್ಕೆ ಎಳೆದೊಯ್ದರು. ಅಲ್ಲಿ ಜರ್ಮನ್ನರು ಕೋಟೆಗೋಡೆ ಕಟ್ಟಿಸುತ್ತಿದ್ದರು. ಅಕ್ಟೋಬರ್ 31ರಂದು ಅಲ್ಲಿಯ ಗಂಡಸರನ್ನು ನೇರ ಔಶ್ವಿತ್ಸ್ ರೈಲಿಗೆ ಜೋಡಿಸಿದರು. ಮುತ್ತಜ್ಜನ ಜಾಡು ಅಲ್ಲಿಗೆ ಮುಗಿಯುತ್ತದೆ.

ಮುತ್ತಜ್ಜಿ ಮಗಳನ್ನು ಎತ್ತಿಕೊಂಡು ಬ್ರಸೆಲ್ಸ್‌ಗೆ ಓಡಿಬಂದಿದ್ದಾಳೆ. ಸಮಿತಿಯ ಪುಸ್ತಕದಲ್ಲಿ ಅಜ್ಜಿ ಸಿಕ್ಕಳು. ಒಂದು ಪುಟದಲ್ಲಿ ಸಂಖ್ಯೆ, ಪಕ್ಕದಲ್ಲಿ ಅವಳ ನಿಜವಾದ ಹೆಸರು, ಹುಟ್ಟಿದ ದಿನ. ಬೇರೆ ಪುಟದಲ್ಲಿ ಅದೇ ಸಂಖ್ಯೆಯ ಪಕ್ಕ ನಾವು ಎಂಬತ್ತು ವರ್ಷ ಕರೆದ ಹೆಸರು. ಇಬ್ಬರನ್ನೂ ಜೋಡಿಸುವುದು ಆ ಸಂಖ್ಯೆ ಒಂದೇ. ಮೇಷ್ಟ್ರು ಸರ್, ನೀವು ಬರೆದಿದ್ದನ್ನು ಓದಿ ಗೊತ್ತಿತ್ತು, ಆದರೂ ಎರಡು ಪುಟದ ಪ್ರತಿಗಳನ್ನು ಅಡಿಗೆಮನೆಯ ಕಟ್ಟೆ ಮೇಲೆ ಒಂದರ ಪಕ್ಕ ಒಂದು ಇಟ್ಟಾಗ ಅಮ್ಮ ನಿಂತಲ್ಲೇ ಕೂತುಬಿಟ್ಟಳು.

ಮುತ್ತಜ್ಜಿ ಸಿಕ್ಕಿದ್ದು ರೈಲು ಪಟ್ಟಿಯಲ್ಲಿ. ಇಪ್ಪತ್ತನೆಯ ರೈಲು.

ಲ್ಯೂವೆನ್ ತಮ್ಮಾ, ನೀನು ಬರೆದ ಕೆಂಪು ಲಾಟೀನು ನನ್ನ ಮುತ್ತಜ್ಜಿಯ ರೈಲಿನ ಎದುರಿಗೇ ಇಟ್ಟದ್ದು. ಅವಳು ಆ ಹದಿನೇಳು ಜನರಲ್ಲಿ ಇರಲಿಲ್ಲ. ಆಮೇಲೆ ಹಾರಿದವರ ಪಟ್ಟಿಯಲ್ಲೂ ಇಲ್ಲ. ಏಪ್ರಿಲ್ 22ಕ್ಕೆ ರೈಲು ಔಶ್ವಿತ್ಸ್ ಮುಟ್ಟಿತು. ಅದರಲ್ಲಿ ಯುದ್ಧ ಮುಗಿದ ಮೇಲೆ ಬದುಕಿ ಬಂದವರು ಸುಮಾರು ನೂರೈವತ್ತು ಜನ, ಅವರಲ್ಲೂ ಇಲ್ಲ. ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ಬೋಗಿಯೊಳಗೆ ಅವಳಿಗೆ ಬ್ರೇಕಿನ ಸದ್ದು ಕೇಳಿಸಿರುತ್ತದೆ. ಗುಂಡಿನ ಸದ್ದೂ ಕೇಳಿಸಿರುತ್ತದೆ.

ಒಂದು ಮಾತು ಹೇಳಬೇಕು, ಇದಕ್ಕಾಗಿಯೇ ಇಷ್ಟು ಬರೆದದ್ದು. ನಮ್ಮ ಮನೆಯಲ್ಲಿ ಕಥೆ 'ಸಿಸ್ಟರ್‌ಗಳು ಉಳಿಸಿದರು' ಎಂದಿತ್ತು. ಉಳಿಸಿದ್ದು ಸುಳ್ಳಲ್ಲ. ಜೀವದ ಹಂಗು ತೊರೆದು ಉಳಿಸಿದರು. ಆಂಡರ್‌ಲೆಖ್ತ್‌ನ ಒಂದು ಕಾನ್ವೆಂಟಿನಲ್ಲಿ ಹದಿನೈದು ಯಹೂದಿ ಹುಡುಗಿಯರಿದ್ದರು. 1943ರ ಮೇ 20ರಂದು ಗೆಸ್ಟಾಪೊ ಬಂದು, ನಾಳೆ ಇವರನ್ನು ಒಯ್ಯುತ್ತೇವೆ, ತಯಾರು ಇಡಿ ಎಂದು ಹೇಳಿ ಹೋಯಿತು. ಆ ರಾತ್ರಿಯೇ ಪಾಲ್ ಹಾಲ್ಟರ್, ಬೆರ್ನಾರ್ ಫೆನರ್‌ಬೆರ್ಗ್ ಮೊದಲಾದ ಪ್ರತಿರೋಧದ ಹುಡುಗರು ಒಳಗೆ ನುಗ್ಗಿ ಅಷ್ಟೂ ಹುಡುಗಿಯರನ್ನು ಕರೆದೊಯ್ದರು. ಸಿಸ್ಟರ್‌ಗಳ ಮೇಲೆ ಅನುಮಾನ ಬರಬಾರದೆಂದು ಅವರನ್ನು ಕಟ್ಟಿಹಾಕಿ ಹೋದರು. ಮುಂದೆ ನಿಂತವರು ಯಹೂದಿ ಹುಡುಗರು, ಒಳಗಿನಿಂದ ಜೊತೆಗೂಡಿದವರು ಕ್ರೈಸ್ತ ಸಂನ್ಯಾಸಿನಿಯರು. ನಮ್ಮ ಕಥೆಯಲ್ಲಿ ಎರಡನೆಯವರು ಮಾತ್ರ ಉಳಿದರು. ಮೊದಲಿನವರು ಹೇಗೆ ಅಳಿಸಿಹೋದರು ಎಂದು ನನಗೆ ತಿಳಿಯುವುದಿಲ್ಲ, ಅಜ್ಜಿಗೂ ಬಹುಶಃ ಯಾರೂ ಹೇಳಲಿಲ್ಲ.

ಇನ್ನೊಬ್ಬಳೂ ಅಳಿಸಿಹೋದಳು. 1942ರ ಡಿಸೆಂಬರಿನ ಒಂದು ದಿನ, ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲಿಗೆ ಬಂದು ಮಗುವನ್ನು ಕೊಡಿ, ಎಲ್ಲಿಗೆಂದು ಹೇಳಲಾರೆ ಎಂದಾಗ, ನನ್ನ ಮುತ್ತಜ್ಜಿ ಕೊಟ್ಟಳು. ನಾಲ್ಕು ವರ್ಷದ ಮಗಳಿಗೆ ಚೀಲ ಕಟ್ಟಿ, ಇವತ್ತಿನಿಂದ ನಿನ್ನ ಹೆಸರು ಬೇರೆ ಎಂದು ಹೇಳಿ, ಕೊಟ್ಟಳು. ಬಂದೂಕು ಹಿಡಿದವರ ಪಟ್ಟಿಯಲ್ಲಿ ಅವಳ ಹೆಸರು ಬರುವುದಿಲ್ಲ. ನಾಜಿಗಳು ಬೇಕೆಂದು ಕೇಳಿದ ಒಂದು ಜೀವವನ್ನು ಅವಳು ಅವರಿಗೆ ಕೊಡಲಿಲ್ಲ. ನನಗೆ ಅದು ಪ್ರತಿರೋಧವೇ. ಆ ಜೀವದಿಂದ ನಮ್ಮಮ್ಮ, ನಾನು, ನನ್ನ ತಮ್ಮ, ಅವನ ಇಬ್ಬರು ಮಕ್ಕಳು.

ಲ್ಯೂವೆನ್ ಲೋಕಲ್

ಅಕ್ಕಾ, ಶನಿವಾರ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಕೆಳಗಿನ ಮಹಡಿಯಿಂದ ಮೇಲಿನ ತನಕ ಒಂದೇ ಗೋಡೆ, ರೈಲಿನಲ್ಲಿ ಹೋದವರ ಮುಖಗಳು. ಫೋಟೋ ಸಿಗದವರಿಗೆ ಖಾಲಿ ಚೌಕ. ನೀವು ಖಾಸಗಿಯಾಗಿ ಕಳಿಸಿದ ಹೆಸರು ಹಿಡಿದು ಅಲ್ಲಿಯವರನ್ನು ಕೇಳಿದೆ. ನಿಮ್ಮ ಮುತ್ತಜ್ಜಿ ಗೋಡೆಯ ಮೇಲಿದ್ದಾರೆ, ಖಾಲಿ ಚೌಕ ಅಲ್ಲ. ನನ್ನ ತಲೆಗಿಂತ ಎರಡು ಸಾಲು ಮೇಲೆ. ಕೂದಲು ಹಿಂದಕ್ಕೆ ಬಾಚಿದ್ದಾರೆ, ಕೊರಳಿನ ತನಕ ಗುಂಡಿ ಹಾಕಿದ ಕೋಟು. ಫೋಟೋ ತೆಗೆದು ಕಳಿಸಿದ್ದೇನೆ. ವಾಪಸ್ ಬರುವಾಗ ಬೂರ್ಟ್‌ಮೇರ್‌ಬೇಕ್‌ನಲ್ಲಿ ಇಳಿದೆ. ಮುಂದಿನ ಟ್ರೈನಿನ ತನಕ ಅಲ್ಲೇ ಇದ್ದೆ.

ಕೆಲಗೇರಿ ದಂಡೆ

ತಮ್ಮಾ, ನಿನ್ನ ಋಣ ಹೇಗೆ ತೀರಿಸಲಿ. ಅಮ್ಮ ಮೊಬೈಲಿನಲ್ಲಿ ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ, "ಕಿವಿ ನೋಡು, ನಿನ್ನ ಕಿವಿನ ಅದಾವ" ಅಂದಳು.

ಕೊಂಕಣದ ಕೊನೆಮನೆ

ಪುಟ್ಟೀ, ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. 1943ರ ಏಪ್ರಿಲ್ 19ರ ರಾತ್ರಿ ನಮ್ಮ ಪೆಸಾಹ್ ಹಬ್ಬದ ಮೊದಲ ರಾತ್ರಿ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದದ್ದನ್ನು ನೆನೆಯುವ ರಾತ್ರಿ. ಎಲ್ಲರೂ ಊಟಕ್ಕೆ ಕೂತಾಗ ಮನೆಯ ಅತಿ ಚಿಕ್ಕ ಮಗು ಒಂದು ಪ್ರಶ್ನೆ ಕೇಳಬೇಕು: ಉಳಿದ ರಾತ್ರಿಗಳಿಗಿಂತ ಈ ರಾತ್ರಿ ಯಾಕೆ ಬೇರೆ? ಆ ರೈಲಿನಲ್ಲಿದ್ದ ಎಷ್ಟೋ ಜನರಿಗೆ ದಿನ ಗೊತ್ತಿತ್ತು. ನಿನ್ನ ಮುತ್ತಜ್ಜಿಗೂ ಗೊತ್ತಿದ್ದಿರಬೇಕು, ಪ್ರಶ್ನೆ ಕೇಳಬೇಕಾದ ಮಗು ತನ್ನ ಹತ್ತಿರ ಇಲ್ಲ ಎಂದೂ.

ಮುಂದಿನ ಪೆಸಾಹ್‌ಗೆ ನೀನು, ಅಮ್ಮ ನಮ್ಮ ಮನೆಗೆ ಬನ್ನಿ. ನಿನ್ನ ತಮ್ಮನ ಮಕ್ಕಳನ್ನೂ ಕರೆದುಕೊಂಡು ಬಾ. ನಮ್ಮ ಮನೆಯಲ್ಲಿ ಈಗ ಚಿಕ್ಕವರು ಯಾರೂ ಇಲ್ಲ, ಪ್ರಶ್ನೆಯನ್ನು ನನ್ನ ಗಂಡನೇ ಕೇಳುತ್ತಾರೆ. ಹಬ್ಬ ಕಳೆದ ಮೇಲೆ ಒಂದು ದಿನ ಮಲೀದಾ ಮಾಡೋಣ, ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು. ನಿನ್ನ ಮುತ್ತಜ್ಜಿಯ ಕಡೆಯವರಿಗೆ ಅದು ಗೊತ್ತಿರಲಿಲ್ಲ, ಪರವಾಗಿಲ್ಲ.

ಕೆಲಗೇರಿ ದಂಡೆ

ಆಂಟಿ, ಬರುತ್ತೇವೆ. ರಾಣಿ ಚೆನ್ನಮ್ಮ ಟ್ರೈನಿಗೆ ಐದು ಟಿಕೆಟ್ ಮಾಡಿಸುತ್ತೇನೆ. ಚಿಕ್ಕವಳಿಗೆ ಆರು ವರ್ಷ, ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈ. ಬರಿಗೈಲಿ ಬರುವುದು ಹೇಗೆ ಎಂದು ಅಮ್ಮನ ಚಿಂತೆ. ಆ ಹಬ್ಬದಲ್ಲಿ ಹುಳಿ ಬರುವ ಹಿಟ್ಟು ಮುಟ್ಟಬಾರದು ಎಂದು ಓದಿದ್ದಾಳೆ. ಕಟಕ ಜೋಳದ ರೊಟ್ಟಿ ತಂದರೆ ನಡೆಯುತ್ತದೆಯೇ ಎಂದು ಕೇಳಲು ಹೇಳಿದ್ದಾಳೆ.

ಕೊಂಕಣದ ಕೊನೆಮನೆ

ನಿಷೇಧ ಇರುವುದು ಗೋಧಿ, ಬಾರ್ಲಿ, ಓಟ್ಸ್ ಥರದ ಐದು ಧಾನ್ಯಕ್ಕೆ. ಬೆಲ್ಜಿಯಂ ಪೋಲೆಂಡಿನ ಕಡೆಯವರು ಹಬ್ಬದಲ್ಲಿ ಅಕ್ಕಿಯನ್ನೂ ತಿನ್ನುವುದಿಲ್ಲ, ನಮ್ಮ ಮನೆಯಲ್ಲಿ ಅಕ್ಕಿ ನಡೆಯುತ್ತದೆ, ಜೋಳವೂ ನಡೆಯುತ್ತದೆ. ಆದರೆ ಗೋಧಿ ಬೀಸುವ ಗಿರಣಿಗೆ ಕೊಡಬೇಡಿ ಎಂದು ಅಮ್ಮನಿಗೆ ಹೇಳು. ಜೋಳ ಆರಿಸಿ ಕಾಳೇ ತರಲಿ. ನಮ್ಮ ಅತ್ತೆಯ ಬೀಸುವ ಕಲ್ಲು ಮಹಡಿಯಲ್ಲಿದೆ, ಕೆಳಗಿಳಿಸಿ ತೊಳೆದಿಡುತ್ತೇನೆ.